ಹಿತ್ತಾಳೆಯ ಬೆಸುಗೆ

"ಇನ್ನೊಂದು ಸುತ್ತು ಬಿಗಿಯಪ್ಪ ಚೆನ್ನಕೇಶವ," ಎಂದು ಜಯರಾಮಪ್ಪನವರು ಚಟ್ಟದ ಬಿದಿರನ್ನು ಅಲುಗಿಸಿ ನೋಡಿದರು. ಶಂಕರಯ್ಯ ತೀರಿಕೊಂಡ ಸುದ್ದಿ ತಿಳಿದು ಈ ಹಳೇ ಗಿರಾಕಿ ಕಲ್ಯಾಣದುರ್ಗದಿಂದ ಬೆಳಗಿನ ಬಸ್ಸಿಗೇ ಬಂದಿದ್ದರು. "ನಿನ್ ಕೈ ಬಿದ್ಮೇಲೆ ಯಾವ್ದು ಬಿಚ್ಕೊಂಡೈತೆ? ಶಂಕರಯ್ಯನೇ ಹೇಳ್ತಿದ್ದ."

ಚೆನ್ನಕೇಶವ ತಲೆ ಎತ್ತಲಿಲ್ಲ. ಹಿಂದೂಪುರದ ಈ ಶೆಡ್ಡಿನಲ್ಲಿ ಇಪ್ಪತ್ತು ವರ್ಷ ಶಂಕರಯ್ಯನ ಕೈಕೆಳಗೆ ಬೆಸುಗೆ ಕಲಿತು ದುಡಿದವನು ಅವನು. ಮಗ್ಗದ ಮನೆಯಲ್ಲಿ ಹುಟ್ಟಿದ ಶಂಕರಯ್ಯ ನೂಲು ಬಿಟ್ಟು ಕಬ್ಬಿಣ ಹಿಡಿದಿದ್ದ. ಒಂದು ಬೈಕಿನ ಚಾಸಿ, ಇನ್ನೊಂದರ ಎಂಜಿನ್, ಮತ್ತೊಂದರ ಟ್ಯಾಂಕು. ಬ್ರಿಟಿಷರ ಕಾಲದ ಗಾಡಿಗಳನ್ನು ಗುಜರಿಗೆ ಬಿಡದೆ ಹೀಗೆ ಕೂಡಿಸಿ ಓಡಿಸುತ್ತಿದ್ದ. ನೋಡಿದವರು ನಗುತ್ತಿದ್ದರು. ಹೆತ್ತವರಿಗೆ ಹೆಗ್ಗಣ ಮುದ್ದು. ಅವನು ಮಾತ್ರ ಅವನ್ನು ತನ್ನ ಅಂಗಿಯ ತುದಿಯಿಂದಲೇ ಒರೆಸುತ್ತಿದ್ದ.

ಶಂಕರಯ್ಯನ ಹೆಂಡತಿ ಬನಶಂಕರಮ್ಮ ಶೆಡ್ಡಿನ ಗೋಡೆ ತೋರಿಸಿದರು. ಅದರ ತುಂಬ ಸೀಮೆಸುಣ್ಣದ ಅಂಕಿಗಳು.

"ಜಯರಾಮಪ್ಪೋರ ಗಾಡಿ ಮುರಿದಾಗಿಂದ ಹದಿನಾಕು ವರ್ಸ ಇದೇ ಕಣಪ್ಪ. ಎಂಜಿನ್ ತೂಕ ಎಷ್ಟು, ಕೊಳವೆ ದಪ್ಪ ಎಷ್ಟು. ನಾನೆಲ್ಲಿ ತಪ್ಪಿದೆ ಅಂತ ನನ್ನ ಕೇಳೋರು. ನಂಗೇನ್ ಗೊತ್ತು? ಮೊನ್ನೆನೂ ಬರ್ದವ್ರೆ."

"ಅಕ್ಕಾ..." ಎಂದ ಚೆನ್ನಕೇಶವ. ಇವತ್ತಾದರೂ ಹೇಳಿಬಿಡಬೇಕು. ಅಷ್ಟರಲ್ಲಿ ಲೇಪಾಕ್ಷಿಯ ನೆಂಟರು ಬಂದು ಬನಶಂಕರಮ್ಮನನ್ನು ತಬ್ಬಿಕೊಂಡು ಅತ್ತರು. ಹೇಳುವುದು ತಪ್ಪಿದ್ದಕ್ಕೆ ಅವನಿಗೆ ಸಮಾಧಾನವಾಯಿತು. ಸಮಾಧಾನವಾದದ್ದಕ್ಕೆ ತನ್ನ ಮೇಲೆಯೇ ಅಸಹ್ಯವೂ ಆಯಿತು.

* * *

೧೯೭೯ರ ಮಾತು. ಜಯರಾಮಪ್ಪನವರಿಗಾಗಿ ಹಳೇ ಬಿಎಸ್‌ಎ ಬೈಕಿನ ಚಾಸಿಗೆ ಬುಲೆಟ್ ಎಂಜಿನ್ ಕೂರಿಸುತ್ತಿದ್ದರು. ನೆಂಟರ ಮದುವೆಗೆಂದು ಊರಿಗೆ ಹೊರಟ ಶಂಕರಯ್ಯ ಬಾಗಿಲಲ್ಲಿ ನಿಂತು ಹೇಳಿದ್ದ:

"ಚಾಸಿದು ಹಳೇ ಕೊಳವೆ ಕಣ್ಲಾ. ಗ್ಯಾಸಲ್ಲಿ ಹಿತ್ತಾಳೆ ಕರಗ್ಸಿ ಬೆಸಿ. ಕರೆಂಟ್ ವೆಲ್ಡಿಂಗ್ ಮುಟ್ಟಿಸ್ಬೇಡ, ಸೀಳ್ಬುಡ್ತದೆ."

ಮಾರನೆಯ ದಿನ ಗ್ಯಾಸು ಮುಗಿಯಿತು. ಹೊಸ ಸಿಲಿಂಡರಿಗೆ ಎರಡು ದಿನ ಕಾಯಬೇಕು. ಮೇಸ್ತ್ರಿ ಬರುವಷ್ಟರಲ್ಲಿ ಮುಗಿಸಿ ಭೇಷ್ ಅನ್ನಿಸಿಕೊಳ್ಳುವ ಆಸೆ ಚೆನ್ನಕೇಶವನಿಗೆ. ಕರೆಂಟಿನಲ್ಲೇ ಬೆಸೆದ, ಅರದಿಂದ ಉಜ್ಜಿದ, ಮೇಲೆ ಕಪ್ಪು ಬಣ್ಣ ಬಳಿದ. ಶಂಕರಯ್ಯ ಬಂದು ಬೆರಳಾಡಿಸಿ ನೋಡಿ, "ಭೇಷ್ ಕಣ್ಲಾ," ಎಂದ. ಆ ಮಾತಿನ ಮೇಲೆ ನಿಜ ಹೇಳಲು ಬಾಯಿ ಬರಲಿಲ್ಲ.

ಕೂಡಿಸಿದ ಗಾಡಿಯನ್ನು ಮೊದಲು ತಾನೇ ಓಡಿಸಿ, ಆಮೇಲೆ ಒಪ್ಪಿಸುವುದು ಶಂಕರಯ್ಯನ ಪದ್ಧತಿ. ಕಲ್ಯಾಣದುರ್ಗದ ದಾರಿಯಲ್ಲಿ ಕಂಬದೂರು ದಾಟಿದ ಮೇಲೆ ಚಾಸಿ ಎರಡು ತುಂಡಾಯಿತು. ಶಂಕರಯ್ಯನ ಬಲಗಾಲು ಮತ್ತೆ ಮಡಚಲಿಲ್ಲ. ಆಸ್ಪತ್ರೆಯ ಮಂಚದ ಮೇಲಿಂದಲೇ ಅವನು ಜಯರಾಮಪ್ಪನವರಿಗೆ ಕೈ ಮುಗಿದ. "ಲೆಕ್ಕ ನಂದೇ ತಪ್ಪು ಸ್ವಾಮಿ." ಪಕ್ಕದಲ್ಲಿ ಚೆನ್ನಕೇಶವ ಎಳನೀರು ಹಿಡಿದು ನಿಂತಿದ್ದ. ಮುರಿದ ಚಾಸಿಯನ್ನು ಮರುದಿನವೇ ಗುಜರಿಗೆ ಹಾಕಿದ.

ಶಂಕರಯ್ಯ ಮತ್ತೆಂದೂ ಎರಡು ಗಾಡಿಗಳನ್ನು ಕೂಡಿಸಲೇ ಇಲ್ಲ. ಮೊಪೆಡ್ಡುಗಳಿಗೆ ಪಂಕ್ಚರ್ ಹಾಕಿಕೊಂಡೇ ಮುದುಕನಾದ.

* * *

ಸ್ಮಶಾನದ ಅರ್ಧ ದಾರಿಯಲ್ಲಿ ಚಟ್ಟ ಇಳಿಸಿದರು. ಅಲ್ಲಿ ಹತ್ತಿರದವರು ಸತ್ತವರ ಕಿವಿಯಲ್ಲಿ ಮೂರು ಸಲ ಕೂಗಬೇಕು. ಜೀವ ಎಲ್ಲಾದರೂ ಒಂಚೂರು ಉಳಿದಿದ್ದರೆ ಓಗೊಟ್ಟೀತು ಎಂಬ ಆಸೆ.

ಬೆಂಕಿಯ ಮಡಕೆ ಹಿಡಿದಿದ್ದ ಮಗ ಆಂಜನಪ್ಪ, "ಚಿಕ್ಕಪ್ಪ, ನೀನೇ ಕೂಗು. ನೀನ್ ಕರೆದ್ರೆ ನಮ್ಮಪ್ಪ ಊಟ ಬಿಟ್ಟು ಏಳೋನು," ಎಂದ.

ಚೆನ್ನಕೇಶವ ಮಂಡಿಯೂರಿ ಬಗ್ಗಿದ.

"ಶಂಕರಣ್ಣಾ."

"ಶಂಕರಣ್ಣಾ."

ಮೂರನೆಯದಕ್ಕೆ ಮೊದಲು ಅವನ ಕಣ್ಣು ಆ ಬಲಗಾಲಿನ ಮೇಲೆ ಬಿತ್ತು.

"ಇನ್ನೊಂದ್ ಕಿತ ಕಣಪ್ಪ. ಗಟ್ಟಿಗಾ ಪಿಲು, ಕೇಳಂಗೆ ಕೂಗು," ಎಂದರು ಜಯರಾಮಪ್ಪನವರು.

"ನಿನ್ ಲೆಕ್ಕ ಸರ್ಯಾಗಿತ್ತು ಕಣಣ್ಣಾ! ನಾನು ಕರೆಂಟ್ ವೆಲ್ಡಿಂಗ್ ಹಾಕ್ಬುಟ್ಟೆ. ಹಾಕಿ ಬಣ್ಣ ಬಳ್ದ್ಬುಟ್ಟೆ. ನೀನೆಲ್ಲೂ ತಪ್ಪಿಲ್ಲ ಕಣಣ್ಣಾ!"

ತಮಟೆ ನಿಂತಿತು. ಕೂಗಿದ ಮೇಲೆ ಒಂದು ಗಳಿಗೆ ಎಲ್ಲರೂ ಸುಮ್ಮನೆ ಕಾಯಬೇಕು, ಕಾದರು. ಚೆನ್ನಕೇಶವ ತನ್ನ ಕಿವಿಯನ್ನು ಶಂಕರಯ್ಯನ ಬಾಯಿಯ ಹತ್ತಿರ ತಂದ. ಬೈಯಲಿ, ಒಂದೇ ಒಂದು ಸಲ ಬೈಯಲಿ ಎಂದು ಬೇಡಿಕೊಂಡ.

ಆಂಜನಪ್ಪ ಅವನತ್ತ ನೋಡದೆ ಮುಂದೆ ನಡೆದ. "ಎತ್ರಪ್ಪ," ಎಂದಷ್ಟೇ ಹೇಳಿದ.

ಚಟ್ಟ ಮೇಲೆದ್ದಿತು. ಜನ ಚೆನ್ನಕೇಶವನನ್ನು ಬಳಸಿಕೊಂಡು ಮುಂದೆ ಹೋದರು. ಅವನು ಇನ್ನೂ ಬಗ್ಗಿಯೇ ಇದ್ದ, ಬರಿಯ ನೆಲಕ್ಕೆ ಕಿವಿಗೊಟ್ಟು.