ಮೂಗಿಗೆ ಸಿಗದ ಹೊಗೆ

ಕೊಳೆತ ಮೊಟ್ಟೆಯ ವಾಸನೆ ಎಂದರೆ ವರ್ನಾಗೆ ಈಗಲೂ ಅಜ್ಜಿಯ ಅಡುಗೆಮನೆಯೇ ನೆನಪಾಗುತ್ತದೆ. ಅಮೆರಿಕದ ಅಯೋವಾ ರಾಜ್ಯದ ಮೆಕ್ಕೆಜೋಳದ ಹೊಲಗಳ ನಡುವಿನ ಆ ಮನೆಗೆ ಗ್ಯಾಸ್ ಒಲೆ ಬಂದ ಹೊಸದು. ಒಂದು ಬೆಳಿಗ್ಗೆ ಒಲೆಯ ತಿರುಪು ಸರಿಯಾಗಿ ಮುಚ್ಚಿರಲಿಲ್ಲ. ಅಜ್ಜಿ ಕೈಯಲ್ಲಿದ್ದ ಬೆಂಕಿಕಡ್ಡಿಯನ್ನು ಮೆಲ್ಲಗೆ ಕೆಳಗಿಟ್ಟು, ಬಾಗಿಲು ತೆರೆದು, ಮೊಮ್ಮಗಳನ್ನು ಎತ್ತಿಕೊಂಡು ಅಂಗಳಕ್ಕೆ ಓಡಿದ್ದಳು.

“ಈ ವಾಸನೆ ಮರೀಬೇಡ ಮಗಳೇ. ಗ್ಯಾಸು ಮೊದ್ಲು ಮೂಗಿಗೆ ಹೇಳುತ್ತೆ, ಆಮೇಲೇ ಮೈಮೇಲೆ ಬರುತ್ತೆ” ಎಂದಿದ್ದಳು.

ವರ್ನಾ ಮರೆಯಲಿಲ್ಲ. ಮುದುಕಿಯಾದ ಮೇಲೂ ಅಜ್ಜಿಯ ಮಾತೇ ಅವಳಿಗೆ ವೇದವಾಕ್ಯ. ಹಾಗಾಗಿ ಈ ಚಳಿಗಾಲದಲ್ಲಿ ಅವಳೂ ಗಂಡನೂ ವಾಸಿಸುವ ಮನೆಗಾಡಿ, ಅಂದರೆ ಮೋಟಾರ್‌ಹೋಮಿನ ಗ್ಯಾಸ್ ಹೀಟರ್ ಕೆಟ್ಟಾಗ ಅವಳು ಗಾಡಿಯ ಮೂಲೆಮೂಲೆಗೂ ಮೂಗೊಡ್ಡಿ ನೋಡಿದಳು. ಎಲ್ಲೂ ವಾಸನೆ ಇರಲಿಲ್ಲ. ಸದ್ಯ, ಅಪಾಯವೇನಿಲ್ಲ ಎಂದು ನಿಟ್ಟುಸಿರು ಬಿಟ್ಟಳು.

ಗಾಡಿ ಹಳೆಯದು, ಗಂಡ ಹಾರ್ಲನ್‌ನ ಅಣ್ಣನಿಂದ ಬಂದದ್ದು. ಉತ್ತರದಲ್ಲಿ ಹಿಮ ಬೀಳತೊಡಗಿದರೆ ಇಬ್ಬರೂ ಅದರಲ್ಲೇ ಅರಿಜೋನಾದ ಮರುಭೂಮಿಗೆ, ಕ್ವಾರ್ಟ್ಜ್‌ಸೈಟ್ ಎಂಬ ಊರಿಗೆ ಇಳಿದು ಬರುತ್ತಾರೆ. ಅಲ್ಲಿ ಹಗಲು ಬಿಸಿಲು ಹಿತ. ಬೆಳಗಾಗುವ ಹೊತ್ತಿಗೆ ಬಕೆಟ್ಟಿನ ನೀರಿನ ಮೇಲೆ ಮಂಜಿನ ಕೆನೆ ಕಟ್ಟಿರುತ್ತದೆ. ಸಂಜೆಯಾದರೆ ಸುತ್ತಲಿನ ಗಾಡಿಗಳವರೆಲ್ಲ ತಂತಮ್ಮ ಕುರ್ಚಿ, ತಂತಮ್ಮ ಪಾತ್ರೆ ಹಿಡಿದು ಬೆಂಕಿಯ ಸುತ್ತ ಸೇರುತ್ತಾರೆ.

ಆ ಸಂಜೆ ಪಕ್ಕದ ಗಾಡಿಯ ಒಪಲ್ ಮಾತು ತೆಗೆದಳು. ಅವಳು ಐಡಹೋದಲ್ಲಿ ಬಹಳ ವರ್ಷ ಆಂಬುಲೆನ್ಸ್ ಓಡಿಸಿದವಳು.

“ಹಾರ್ಲನ್, ನಿನ್ ಹೀಟರ್ ಏನಂತೆ?”

“ಫ್ಯಾನು ತಿರುಗುತ್ತೆ, ಟಿಕ್ ಟಿಕ್ ಅನ್ನುತ್ತೆ, ಹತ್ತೋದಿಲ್ಲ.”

“ಥೇಟ್ ಇವನ ಹಾಗೇ. ಸದ್ದು ಜಾಸ್ತಿ, ಕೆಲಸ ಇಲ್ಲ” ಎಂದಳು ವರ್ನಾ. ಎಲ್ಲರೂ ನಕ್ಕರು.

“ಬ್ಯಾಟರಿ ನೋಡಿದ್ಯಾ? ಬ್ಯಾಟರಿ ಸೋತ್ರೆ ಫ್ಯಾನಿಗೆ ಬಲ ಸಾಲಲ್ಲ. ಗಾಳಿ ಸರಿಯಾಗಿ ಬೀಸ್ದೆ ಇದ್ರೆ ಅಲ್ಲಿರೋ ಸ್ವಿಚ್ಚು ಗ್ಯಾಸ್ ಬಿಡೋದೇ ಇಲ್ಲ.”

“ಬ್ಯಾಟರಿ ತುಂಬಿದೆ. ಗ್ಯಾಸೂ ಇದೆ, ಒಲೆ ಜೋರಾಗೇ ಉರಿಯುತ್ತೆ. ನಾಳೆ ಆ ಸ್ವಿಚ್ಚಿಗೇ ಅಡ್ಡ ಒಂದು ತಂತಿ ಕೊಟ್ಟು ನೇರ ಹಚ್ಚಿಬಿಡ್ತೀನಿ.”

“ಕಾಯೋ ನಾಯಿಯ ಬಾಯಿ ಕಟ್ಟಿ ನೀನು ನಿದ್ದೆ ಮಾಡ್ತೀಯಾ?” ಒಪಲ್ ಹುಬ್ಬು ಗಂಟಿಕ್ಕಿದಳು. “ಹಾಗಾದ್ರೆ ಈಗ ಚಳಿಗೆ ಏನ್ಮಾಡ್ತಿದೀರಿ?”

“ಬೆಳಗಿನ ಜಾವ ಒಲೆಯ ಎರಡೂ ಉರಿ ಹಚ್ಚಿಟ್ಟು ಇನ್ನೊಂದು ನಿದ್ದೆ ಹೊಡೀತೀನಿ. ಕಿಟಕಿ ಭದ್ರ ಮಾಡಿದೀನಿ, ಚಾವಣಿ ಕಿಂಡಿಗೆ ದಿಂಬು ತುರುಕಿದೀನಿ. ಒಳ್ಳೇ ಗೂಡಲ್ಲಿರೋ ಹಕ್ಕಿ ಥರ ಇದೀವಿ.”

ಒಪಲ್ ಚಮಚ ಕೆಳಗಿಟ್ಟಳು. “ಗಾಳಿ ಕೆಟ್ರೆ ಕೂಗೋ ಅಲಾರಂ ಇದೆ ತಾನೆ?”

“ಇತ್ತು. ಸುಮ್ ಸುಮ್ನೆ ಚಿಕ್ ಚಿಕ್ ಅಂತ ಪ್ರಾಣ ತಿಂತಿತ್ತು. ತಂತಿ ಕತ್ತರಿಸಿ ಮೂಲೆಗೆ ಬಿಸಾಕ್ದೆ. ವರ್ನಾ ಮೂಗಿಗಿಂತ ಅಲಾರಂ ಬೇಕಾ?”

“ವರ್ನಾ ಮೂಗಿಗೆ ಸಿಗೋ ವಾಸನೆ, ಸೋರಿದ್ರೆ ಗೊತ್ತಾಗ್ಲಿ ಅಂತ ಗ್ಯಾಸಿಗೆ ಬೆರೆಸಿರೋದು ಕಣಯ್ಯಾ. ಗಾಳಿಯಾಡದ ಕಡೆ ಉರಿ ಹಚ್ಚಿಟ್ರೆ ಹುಟ್ಟೋ ವಿಷ ಬೇರೆ. ಕಾರ್ಬನ್ ಮಾನಾಕ್ಸೈಡ್ ಅಂತಾರೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಕೆಮ್ಮೂ ಬರಲ್ಲ. ನಿದ್ದೆ ಬರುತ್ತೆ, ಅಷ್ಟೇ.”

“ನಿನಗೆ ಎಲ್ಲಿ ನೋಡಿದ್ರೂ ಆಂಬುಲೆನ್ಸೇ ಕಾಣುತ್ತೆ ಮಾರಾಯ್ತಿ! ಜೀವಮಾನವೆಲ್ಲಾ ಕಟಾವು ಯಂತ್ರ ರಿಪೇರಿ ಮಾಡಿದೋನಿಗೆ ಒಲೆ ಹಚ್ಚೋದು ಹೇಳಿಕೊಡ್ತೀಯಲ್ಲ.”

ಮತ್ತೆ ನಗು ಎದ್ದಿತು. ಒಪಲ್ ನಗಲಿಲ್ಲ. ವಾದಕ್ಕೂ ನಿಲ್ಲಲಿಲ್ಲ. ಏಳುವಾಗ ತನ್ನ ಕುರ್ಚಿಯ ಮೇಲಿದ್ದ ದಪ್ಪ ಉಣ್ಣೆಯ ಕಂಬಳಿಯನ್ನು ವರ್ನಾಳ ಮಡಿಲಿಗೆ ಹಾಕಿ, “ಇದನ್ನ ಹೊದ್ಕೊಳ್ಳಿ. ಒಲೆ ಮಾತ್ರ ಬೇಡ” ಎಂದಳು.

ಆದರೂ ಮರುದಿನ ಬೆಳಗಿನ ಜಾವ ಹಾರ್ಲನ್ ಎದ್ದು ಒಲೆ ಹಚ್ಚಿದ. “ಸ್ವಲ್ಪ ಹೊತ್ತು ಅಷ್ಟೇ ಕಣೇ. ತಲೆ ಸಿಡೀತಿದೆ, ಫ್ಲೂ ಇರ್ಬೇಕು” ಎಂದು ಮತ್ತೆ ಕಂಬಳಿಯೊಳಗೆ ಸೇರಿಕೊಂಡ. ವರ್ನಾಳ ತಲೆಯೂ ಭಾರವಾಗಿತ್ತು. ಅಭ್ಯಾಸಬಲದಿಂದ ಒಮ್ಮೆ ಮೂಗೆಳೆದು ನೋಡಿದಳು. ಏನೂ ಇರಲಿಲ್ಲ. ಸುಮ್ಮನಾದಳು. ಇನ್ನಷ್ಟು ಹೊತ್ತು ಮಲಗಿದ್ದು, ಬಿಸಿಲೇರಿದ ಮೇಲೆ ಬೂಟು ಹಾಕಿಕೊಂಡು ದಿನದಂತೆ ತಿರುಗಾಡಲು ಹೊರಟಳು.

ಪಾಪಾಸುಕಳ್ಳಿಗಳ ನಡುವಿನ ದಾರಿಯಲ್ಲಿ ಒಪಲ್ ಜೊತೆಯಾದಳು.

“ಕಂಬಳಿ ಬೆಚ್ಚಗಿತ್ತಾ?”

“ಇತ್ತು ಕಣೇ. ಈ ತಲೆನೋವೊಂದು ದಿನಾ ಬೆಳಿಗ್ಗೆ. ಹೀಗೆ ಗಾಳಿಗೆ ಬಂದ್ರೆ ಹೋಗುತ್ತೆ ನೋಡು.”

ಒಪಲ್ ನಿಂತುಬಿಟ್ಟಳು. “ಹೊರಗೆ ಬಂದ್ರೆ ಹೋಗುತ್ತಾ? ಹಾರ್ಲನ್‌ಗೆ?”

“ಅವನಿಗೂ ನೋವು. ನಿನ್ನೆ ವಾಂತಿ ಬೇರೆ. ಫ್ಲೂ ಅಂತ ಮಲಗಿದಾನೆ.”

“ಮೈ ಬಿಸಿ ಇದೆಯಾ?”

“ಇಲ್ಲ.”

“ಒಲೆ ಉರೀತಿದೆಯಾ, ವರ್ನಾ?”

ವರ್ನಾ ಬಾಯಿ ತೆರೆಯುವಷ್ಟರಲ್ಲಿ ಒಪಲ್ ಓಡತೊಡಗಿದ್ದಳು.

ಗಾಡಿಯ ಕಿಟಕಿ ಗಾಜುಗಳ ಒಳಮೈಯಲ್ಲಿ ಹಬೆ ಕಟ್ಟಿ ನೀರು ಇಳಿಯುತ್ತಿತ್ತು. ನೀಲಿಯಾಗಿರಬೇಕಾದ ಉರಿ ಹಳದಿಗೆ ತಿರುಗಿತ್ತು. ಹಾರ್ಲನ್ ಗಾಢ ನಿದ್ದೆಯಲ್ಲಿದ್ದವನಂತೆ ಕಂಡ. ಮುಖದಲ್ಲಿ ನೋವಿನ ಗುರುತೇ ಇರಲಿಲ್ಲ.

“ಹಾರ್ಲನ್! ಏಳೋ!” ವರ್ನಾ ಅವನ ಭುಜ ಅಲುಗಿಸಿದಳು.

“ಬಿಡೇ… ಬೆಚ್ಚಗಿದೆ…” ನಾಲಿಗೆ ಹೊರಳಲಿಲ್ಲ, ಕಣ್ಣು ತೆರೆಯಲಿಲ್ಲ.

ಒಪಲ್ ಒಲೆ ಆರಿಸಿ, “ಉಸಿರು ಬಿಗಿ ಹಿಡಿ, ಕಂಬಳಿ ಸಮೇತ ಎಳಿ!” ಎಂದಳು. ನಿನ್ನೆ ಅವಳೇ ಕೊಟ್ಟ ಕಂಬಳಿ. ಇಬ್ಬರು ವಯಸ್ಸಾದ ಹೆಂಗಸರು ಅದರ ತುದಿ ಹಿಡಿದು ಆ ಭಾರದ ಮನುಷ್ಯನನ್ನು ಮೆಟ್ಟಿಲ ಮೇಲಿಂದ ಹೇಗೆ ಇಳಿಸಿದರೋ, ಆಮೇಲೆ ಇಬ್ಬರಿಗೂ ನೆನಪಿರಲಿಲ್ಲ. ತಣ್ಣನೆಯ ಜಲ್ಲಿಕಲ್ಲಿನ ಮೇಲೆ ಅವನನ್ನು ಮಲಗಿಸಿ, ಒಪಲ್ ಆಂಬುಲೆನ್ಸಿಗೆ ಫೋನ್ ಮಾಡಿದಳು.

ವರ್ನಾ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. “ನನಗೆ ಏನೂ ವಾಸನೆ ಬರ್ಲಿಲ್ಲ ಒಪಲ್. ದೇವರಾಣೆ, ಏನೂ ಬರ್ಲಿಲ್ಲ.”

“ಬರೋದಿಲ್ಲಮ್ಮ” ಎಂದು ಒಪಲ್ ಅವಳ ಬೆನ್ನು ಸವರಿದಳು. “ಯಾರಿಗೂ ಬರೋದಿಲ್ಲ.”

ಆಸ್ಪತ್ರೆಯಲ್ಲಿ ಹಾರ್ಲನ್‌ಗೆ ಆಮ್ಲಜನಕ ಕೊಟ್ಟರು. ವರ್ನಾಗೂ ಕೊಟ್ಟರು. ಸಂಜೆಗೆ ಅವನು ಹೆಂಡತಿಯ ಹೆಸರು ಹಿಡಿದು ಕರೆದ. ವೈದ್ಯೆ ಬೈಯಲಿಲ್ಲ. “ನೀವೂ ಇವತ್ತು ಮಲಗೇ ಇದ್ದಿದ್ರೆ, ಫೋನ್ ಮಾಡೋಕೆ ಯಾರು ಇರ್ತಿದ್ರು?” ಎಂದಷ್ಟೇ ವರ್ನಾಗೆ ಹೇಳಿದಳು.

ಅವರು ಮರಳಿದ ಮೇಲೆ ಹೀಟರ್ ರಿಪೇರಿಯವನು ಬಂದ. ಹಾರ್ಲನ್ ಹೊರಗೆ ಕುರ್ಚಿಯಲ್ಲಿ ಕಂಬಳಿ ಹೊದ್ದು ಕೂತು ನೋಡುತ್ತಿದ್ದ. ಗಾಡಿಯ ಹೊರಗೋಡೆಯಲ್ಲಿದ್ದ ಹೊಗೆಕೊಳವೆಯೊಳಗೆ ಬ್ರಶ್ ಆಡಿಸಿದಾಗ ಒಣಮಣ್ಣಿನ ಉಂಡೆಗಳು ಉದುರಿದವು. ಕಣಜಗಳ ಗೂಡು! ಬೇಸಿಗೆಯಲ್ಲಿ ಗಾಡಿ ಸುಮ್ಮನೆ ನಿಂತಿದ್ದಾಗ ಕಟ್ಟಿದ್ದವು. ಗ್ಯಾಸಿನ ಆ ಕೆಟ್ಟ ವಾಸನೆಗೇ ಅವು ಹುಡುಕಿಕೊಂಡು ಬರುತ್ತವೆ ಎಂದು ಗಾಡಿಯವರು ಹೇಳುವುದುಂಟು.

“ಹೊಗೆ ಹೋಗೋಕೆ ದಾರಿ ಇಲ್ಲ, ಗಾಳಿ ಆಡ್ತಿಲ್ಲ, ಅದಕ್ಕೇ ಹತ್ತಿಲ್ಲ. ನೀವು ಸ್ವಿಚ್ಚಿಗೆ ತಂತಿ ಹಾಕಿ ಹಚ್ಚಿದ್ದಿದ್ರೆ ಆ ಹೊಗೆ ಒಳಗೇ ನುಗ್ಗೋದಿತ್ತು. ಹೀಟರ್ ನಿಮ್ಮನ್ನ ಕಾಯ್ತಿತ್ತು ಸಾರ್, ನೀವು ಕೆಟ್ಟಿದೆ ಅಂದ್ಕೊಂಡ್ರಿ” ಎಂದ ರಿಪೇರಿಯವನು.

ಹಾರ್ಲನ್ ಒಂದು ಮಣ್ಣುಂಡೆಯನ್ನು ಅಂಗೈಯಲ್ಲಿ ಹೊರಳಿಸುತ್ತ ಕೂತ. ಕಿತ್ತು ಬಿಸಾಡಿದ್ದ ಅಲಾರಮ್ಮನ್ನು ವರ್ನಾ ತಂದು ತಿರುಗಿಸಿ ತೋರಿಸಿದಳು. ಅದರ ಬಾಳಿಕೆಯ ತಾರೀಖು ಎಂದೋ ಮುಗಿದಿತ್ತು. ಚಿಕ್ ಚಿಕ್ ಎನ್ನುತ್ತಿದ್ದದ್ದು ‘ನನ್ನ ಕಾಲ ಮುಗಿಯಿತು, ಬದಲಾಯಿಸಿ’ ಎಂದು.

“ಒಪಲ್, ನೀನು ಹೇಳ್ದಾಗ ನಾನು ನಕ್ಕೆ” ಎಂದ ಹಾರ್ಲನ್.

“ಈಗ್ಲೂ ನಗು, ಪರವಾಗಿಲ್ಲ. ಬದುಕಿದೀಯಲ್ಲ.”

ಓದುತ್ತಿರುವ ನಿಮಗೂ ಒಂದು ಮಾತು. ಗಾಡಿಯ ಹೀಟರ್ ಹತ್ತದಿದ್ದರೆ ಗ್ಯಾಸ್ ಇದೆಯೇ, ಬ್ಯಾಟರಿ ತುಂಬಿದೆಯೇ, ಹೊಗೆಕೊಳವೆಯ ಬಾಯಿ ಕಟ್ಟಿದೆಯೇ ನೋಡಿ. ಅಷ್ಟಕ್ಕೂ ಸರಿಹೋಗದಿದ್ದರೆ ಬಲ್ಲವರನ್ನು ಕರೆಸಿ. ಕಾಯಲೆಂದು ಇಟ್ಟ ಸ್ವಿಚ್ಚನ್ನು ಎಂದೂ ತಪ್ಪಿಸಬೇಡಿ. ಅಡುಗೆಯ ಒಲೆ ಅಡುಗೆಗೆ ಮಾತ್ರ. ನಿಮ್ಮದು ಗಾಡಿಯಲ್ಲದೆ ಮನೆಯೇ ಆಗಿರಬಹುದು. ಬಚ್ಚಲಿನ ಗ್ಯಾಸ್ ಗೀಸರ್, ಚಳಿಗೆ ಕೋಣೆಯಲ್ಲಿಟ್ಟ ಕೆಂಡದ ಅಗ್ಗಿಷ್ಟಿಕೆ, ಎಲ್ಲದರಿಂದಲೂ ಇದೇ ವಿಷ ಹುಟ್ಟುತ್ತದೆ. ಗಾಳಿಯ ದಾರಿ ಮುಚ್ಚಬೇಡಿ. ಅಲಾರಂ ಇದ್ದರೆ ಅದರ ಬೆನ್ನಿನ ತಾರೀಖು ಇವತ್ತೇ ಓದಿ, ಇಲ್ಲದಿದ್ದರೆ ತನ್ನಿ. ಮನೆಯವರಿಗೆಲ್ಲ ಒಟ್ಟಿಗೆ ತಲೆನೋವು ಬಂದು, ಹೊರಗೆ ಹೋದರೆ ಇಳಿಯುವುದಾದರೆ, ಕಾರಣ ಹುಡುಕುತ್ತ ಕೂರಬೇಡಿ. ಎಲ್ಲರೂ ಹೊರಗೆ ಬಂದು ಸಹಾಯಕ್ಕೆ ಕರೆ ಮಾಡಿ. ಪಕ್ಕದವರಿಗೂ ಹೇಳಿ. ಅವರು ನಕ್ಕರೆ ನಗಲಿ.

ಮುಂದಿನ ವಾರ ಶಿಬಿರದ ಅಂಚಿಗೆ ಇನ್ನೊಂದು ಹಳೆಯ ಗಾಡಿ ಬಂದು ನಿಂತಿತು. ಅದರ ಚಾವಣಿಯ ಕಿಂಡಿಯಲ್ಲೂ ದಿಂಬು ಕಾಣುತ್ತಿತ್ತು. ಹಾರ್ಲನ್ ಅದನ್ನು ಬಹಳ ಹೊತ್ತು ನೋಡಿದ. ಆಮೇಲೆ ಒಳಗೆ ಹೋಗಿ ಬಟ್ಟಲಿಗೆ ಬಿಸಿ ಬೀನ್ಸ್ ಕಾಳಿನ ಸಾರು ಬಡಿಸಿಕೊಂಡು, ಮೇಲೆ ಒಂದು ತುಂಡು ಮೆಕ್ಕೆಜೋಳದ ರೊಟ್ಟಿ ಇಟ್ಟು, ತಾನು ತಂದಿಟ್ಟುಕೊಂಡಿದ್ದ ಹೊಸ ಅಲಾರಮ್ಮನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟ.

ಬಾಗಿಲು ತೆರೆದ ಹೆಂಗಸು ಚಳಿಗೆ ನಡುಗುತ್ತಿದ್ದಳು. ಹಾರ್ಲನ್ ಮೊದಲು ಬಟ್ಟಲನ್ನು ಅವಳ ಕೈಗಿತ್ತ.