ಮಸ್ತೂರಾ ಕೊಂಡ ಲಾವಕ್ಕಿ

ಬೆನ್ನುನೋವು ಬಂದು ಲಾರಿ ಓಡಿಸುವುದು ನಿಂತ ಮೇಲೆ ಎರ್ಗಾಶ್ ಮನೆಯಲ್ಲಿ ಕೂತು ಕೂತು ಬಾಡಿಹೋಗಿದ್ದ. ಅವನಿಗೊಂದು ಜೊತೆಯಿರಲಿ ಎಂದು ಹೆಂಡತಿ ಮಸ್ತೂರಾ ಮಾರ್ಗಿಲಾನ್ ಸಂತೆಗೆ ಹೋಗಿ, ಹಕ್ಕಿ ಮಾರುವ ಹೋಷಿಮಜ್ಜನ ಹತ್ತಿರ ಚೆನ್ನಾಗಿ ಕೂಗುವ ಒಂದು ಲಾವಕ್ಕಿ ಕೊಂಡು ತಂದಳು. ಸೋರೆಬುರುಡೆಯ ಪಂಜರವನ್ನು ಅಂಗಳದ ದ್ರಾಕ್ಷಿ ಚಪ್ಪರಕ್ಕೆ ತೂಗುಹಾಕಿದ್ದಾಯಿತು.

ರೇಷ್ಮೆ ಮಿಲ್ಲಿನಲ್ಲಿ ನನ್ನ ಪಕ್ಕದ ಮಗ್ಗ ಅವಳದು. ನಾನು ನೂಲು ಅದ್ದುವ ಬಣ್ಣದ ಮನೆಯಿಂದ ಆಗಷ್ಟೇ ಮಗ್ಗದ ಶೆಡ್ಡಿಗೆ ಬಂದವಳು. ಅವಳು ಮದುವೆಗೆ ಮೊದಲಿನಿಂದಲೂ ಅಲ್ಲೇ ಇದ್ದವಳು. ಆ ಗದ್ದಲದಲ್ಲಿ ಯಾರೂ ಕೂಗಿ ಮಾತಾಡುವುದಿಲ್ಲ, ತುಟಿ ಆಡಿಸಿದರೆ ಸಾಕು. ಒಂದು ದಿನ ಅವಳು ಹಾಗೆಯೇ ತುಟಿ ಆಡಿಸಿ ಹೇಳಿದಳು: "ಓಯ್ದಿನ್, ಆ ಮುದುಕ ನಂಗೆ ಮೂಗ ಹಕ್ಕಿ ಕೊಟ್ಟಿದಾನೆ ಕಣೇ."

"ಎರ್ಗಾಶಣ್ಣ ಏನಂತಾರೆ?"

"ಚೆನ್ನಾಗಿ ಕೂಗತ್ತೆ ಅಂತಾರೆ. ಪಾಪ, ನಾನು ನೊಂದ್ಕೋಬಾರ್ದು ಅಂತ ಸುಳ್ಳು ಹೇಳ್ತಾರೆ."

ಭಾನುವಾರ ಗಂಡನಿಗೆ ಹೇಳದೆ ಪಂಜರಕ್ಕೆ ಬಟ್ಟೆ ಸುತ್ತಿ, ನನ್ನನ್ನೂ ಕರೆದುಕೊಂಡು ಸಂತೆಗೆ ಹೊರಟಳು. ಕತ್ತಲಿಗೆ ಹಕ್ಕಿ ದಾರಿಯುದ್ದಕ್ಕೂ ತೆಪ್ಪಗಿತ್ತು. ಹೋಷಿಮಜ್ಜನ ಮುಂದೆ ಪಂಜರ ಕುಕ್ಕಿದವಳೇ ಜಗಳಕ್ಕೆ ನಿಂತಳು.

"ಏನಜ್ಜಾ, ಗಡ್ಡ ನೆರೆತ್ರೂ ಮೋಸ ಬಿಡಲ್ವಾ?"

ಅಜ್ಜ ಗಡ್ಡದೊಳಗೇ ಏನೋ ಅಂದ. "ಏನಂದೆ? ಗಟ್ಟಿಯಾಗಿ ಹೇಳು!" ಎಂದಳು. ಅವನು ಬಟ್ಟೆ ಸರಿಸಿದ. ಬೆಳಕು ಕಂಡದ್ದೇ ತಡ, ಹಕ್ಕಿ ಕತ್ತು ಚಾಚಿ ಕೂಗಿತು. ಸಂತೆ ಅರ್ಧ ಇತ್ತ ತಿರುಗಿತು. ನಾನ್ ರೊಟ್ಟಿಗೆ ಎಳ್ಳು ಉದುರಿಸುತ್ತಿದ್ದವನ ಕೈ ಕೂಡ ನಿಂತಿತು.

"ನೋಡ್ದ್ಯಾ? ಬಾಯೇ ಬಿಡಲ್ಲ," ಎಂದಳು ಮಸ್ತೂರಾ.

ಯಾರೂ ನಗಲಿಲ್ಲ. ಅವಳು ಎಲ್ಲರ ಮುಖ ನೋಡಿದಳು, ಆಮೇಲೆ ಹಕ್ಕಿಯನ್ನು ನೋಡಿದಳು. ಅದರ ಗಂಟಲು ಅದುರುತ್ತಲೇ ಇತ್ತು. ಅವಳು ಮಂಡಿಯೂರಿ ಪಂಜರಕ್ಕೆ ಕಿವಿ ಒತ್ತಿದಳು. "ಅಯ್ಯೋ, ಸದ್ದು ಇದೆ! ಗೋಡೆಯಾಚೆ ಯಾರೋ ಬಾಗಿಲು ತಟ್ಟಿದ ಹಾಗಿದೆ," ಎಂದಳು.

ಅಳುತ್ತಾಳೇನೋ ಅಂದುಕೊಂಡೆ. ಅವಳ ಕಣ್ಣಲ್ಲಿ ಇದ್ದದ್ದು ಬೇರೆಯೇ. ಮನೆಗೆ ಬರುವ ದಾರಿಯೆಲ್ಲ ನನ್ನನ್ನು ತನ್ನ ಬೆನ್ನ ಹಿಂದೆ ನಿಲ್ಲಿಸಿ, ಮಾತಾಡು ಎಂದು ಹೇಳಿ, ಕೇಳಿಸುತ್ತದಾ ಎಂದು ನೋಡಿದಳು. ಅವಳಿಗೆ ಕಾಲುವೆಯ ನೀರು ಕೇಳಿತು. ಸೈಕಲ್ ಗಂಟೆ ಕೇಳಲಿಲ್ಲ. "ನನ್ನ ಕಿವಿ ಯಾವುದನ್ನ ಒಳಗೆ ಬಿಡತ್ತೆ, ಯಾವುದನ್ನ ಹೊರಗೇ ನಿಲ್ಲಿಸತ್ತೆ, ಪೂರ್ತಿ ಗೊತ್ತಾಗ್ಬೇಕು ನಂಗೆ," ಎಂದಳು. "ನಂದೊಬ್ಬಳದೇನಾ ಅನ್ನೋದೂ ಗೊತ್ತಾಗ್ಬೇಕು."

ಮರುದಿನ ಹಕ್ಕಿ ಮಿಲ್ಲಿಗೆ ಬಂತು. ಊಟದ ಹೊತ್ತಿಗೆ ಮಗ್ಗಗಳು ನಿಂತಾಗ ಬಣ್ಣದ ಮನೆಯವರನ್ನೂ ಶೆಡ್ಡಿನವರನ್ನೂ ಗೋಡೆಗೆ ಮುಖ ಮಾಡಿ ಕೂರಿಸಿದಳು. "ಹಕ್ಕಿ ಕೂಗಿದಾಗ ಕೈ ಎತ್ತಿ. ಪಕ್ಕದವರನ್ನ ನೋಡಿದ್ರೆ ಜೋಕೆ!"

ಮೇಸ್ತ್ರಿ ಸೊಬಿರ್ ಬಾಗಿಲಲ್ಲಿ ನಿಂತು ನಕ್ಕ. "ಇದೇನು ಶಾಲೇನಾ?"

"ನೀನೂ ಕೂತ್ಕೋ. ನೀನೂ ಮಗ್ಗ ಬಡಿದವನೇ ತಾನೆ?"

ಹಕ್ಕಿ ಕೂಗಿತು. ಬಣ್ಣದ ಮನೆಯವರ ಕೈಗಳು ಒಟ್ಟಿಗೆ ಮೇಲೆದ್ದವು. ಶೆಡ್ಡಿನ ಹಳಬರಲ್ಲಿ ಒಬ್ಬಳ ಕೈ ಮಾತ್ರ ಎದ್ದಿತು, ಅದೂ ಓರೆಗಣ್ಣಲ್ಲಿ ನೋಡಿಕೊಂಡು. ಸೊಬಿರ್ ಕೈ ಕಟ್ಟಿಕೊಂಡೇ ಕೂತಿದ್ದ. ಸ್ವಲ್ಪ ಹೊತ್ತಾದ ಮೇಲೆ, "ಶುರು ಮಾಡಲ್ವಾ?" ಎಂದು ಕೇಳಿದ.

ನಾನೇ ಅವನ ಎದುರಿಗೆ ಹೋಗಿ, ಹಕ್ಕಿ ಆಗಲೇ ಕೂಗಿತೆಂದು ಹೇಳಿದೆ. ಅವನು ಟೊಪ್ಪಿ ತೆಗೆದು ಮಂಡಿಯ ಮೇಲಿಟ್ಟ. "ನನ್ ಹೆಂಡ್ತಿ ಇತ್ತೀಚೆಗೆ ಗೊಣಗೋದು ಕಲಿತಿದಾಳೆ ಅಂತ ದಿನಾ ರೇಗ್ತಿದ್ದೆನಲ್ಲಾ," ಎಂದ.

ಮಾಲೀಕರ ಹತ್ತಿರ ಹೋದವನು ಅವನೇ. ಪಟ್ಟಣದಿಂದ ಕಿವಿ ಡಾಕ್ಟರಮ್ಮ ಬಂದು ಒಬ್ಬೊಬ್ಬರನ್ನೇ ಪರೀಕ್ಷೆ ಮಾಡಿದಳು. ಕಿವಿಯೊಳಗಿನ ಸಣ್ಣ ಕೂದಲಿನಂಥವು ಸದ್ದಿನ ಹೊಡೆತಕ್ಕೆ ಸತ್ತಿವೆ, ಮತ್ತೆ ಹುಟ್ಟುವುದಿಲ್ಲ, ಉಳಿದವನ್ನು ಕಾಪಾಡಿಕೊಳ್ಳಬಹುದು ಎಂದಳು. ಕೆಲವರಿಗೆ ಸದಾ ತಲೆಯೊಳಗೆ ಗುಂಯ್‌ಗುಡುತ್ತಿದ್ದುದಕ್ಕೂ ನಿದ್ದೆ ಕೆಡುತ್ತಿದ್ದುದಕ್ಕೂ ಇದೇ ಕಾರಣವಂತೆ. ನಾವೆಲ್ಲ ಅದನ್ನು ವಯಸ್ಸಿನ ತಲೆಗೆ ಕಟ್ಟಿದ್ದೆವು.

ಸದ್ದು ತಗ್ಗಿಸಿ ಎಂದರೆ ಮಾಲೀಕರು ಮೊದಲು ಒಪ್ಪಲಿಲ್ಲ. ಮಗ್ಗದವರೆಲ್ಲ ಒಟ್ಟಾಗಿ ಕೆಲಸ ನಿಲ್ಲಿಸಿದ ಮೇಲೆ ಸಡಿಲ ಮಗ್ಗಗಳು ಬಿಗಿಯಾದವು, ಅವುಗಳ ಕಾಲಡಿಗೆ ಕಂಬಳಿ ದಪ್ಪದ ಹಾಸು ಬಂತು, ಎಲ್ಲರಿಗೂ ಕಿವಿಮುಚ್ಚುಗೆ ಸಿಕ್ಕಿತು. ಅರ್ಧ ದಿನ ಮಗ್ಗ, ಅರ್ಧ ದಿನ ಬೇರೆ ಕೆಲಸ ಎಂದಾಯಿತು. ತುಟಿ ಓದುವವರಿಗೆ ಕಿವಿ ಮುಚ್ಚಿದ್ದರಿಂದ ಯಾವ ತೊಂದರೆಯೂ ಆಗಲಿಲ್ಲ.

ಎರ್ಗಾಶನಿಗೆ ಎಲ್ಲ ತಿಳಿದ ದಿನ ನಾನೂ ಅವರ ಮನೆಯಲ್ಲಿ ಚಹಾ ಕುಡಿಯುತ್ತಿದ್ದೆ.

"ನಾನು ಏನು ಹೇಳಿದ್ರೂ ತಲೆ ಆಡಿಸ್ತಿದ್ದೆಯಲ್ಲೇ?" ಎಂದು ಅವನು ಕೇಳಿದ.

"ಬೆನ್ನು ತಿರುಗಿಸಿ ಹೇಳಿದ್ದಕ್ಕೆಲ್ಲ ಸುಮ್ನೆ ಆಡಿಸ್ತಿದ್ದೆ ರೀ."

"ಹಾಗಾದ್ರೆ ನಾನು ಗೆದ್ದ ವಾದಗಳೆಲ್ಲ…"

"ಅವನ್ನೆಲ್ಲ ಮತ್ತೆ ಶುರು ಮಾಡೋಣ, ಎದುರಿಗೆ ಕೂತ್ಕೊಳ್ಳಿ." ಅವನು ನಕ್ಕ. ಆಮೇಲೆ ಅವಳ ಎದುರಿಗೆ ಬಂದು ಕೂತು, ಅವಳ ಬಟ್ಟಲಿಗೆ ಚಹಾ ಬಗ್ಗಿಸಿದ.

ಮಸ್ತೂರಾ ಈಗ ಮಗ್ಗ ಬಿಟ್ಟು, ಬಣ್ಣಕ್ಕೆ ಅದ್ದುವ ಮುಂಚೆ ಬಣ್ಣ ಹತ್ತಬಾರದ ಕಡೆ ಎಳೆಗಳಿಗೆ ಗಂಟು ಕಟ್ಟುವ ಕೋಣೆಯಲ್ಲಿದ್ದಾಳೆ. ಡಾಕ್ಟರಮ್ಮ ಕೊಟ್ಟ, ಸದ್ದು ದೊಡ್ಡದು ಮಾಡುವ ಯಂತ್ರವನ್ನು ಒಂದು ಕಿವಿಗೆ ಸಿಕ್ಕಿಸಿಕೊಳ್ಳುತ್ತಾಳೆ. ಹೊಸದರಲ್ಲಿ ಕತ್ತರಿಯ ಸದ್ದಿಗೂ ಬೆಚ್ಚುತ್ತಿದ್ದಳು. ಮೊನ್ನೆ ಅಲ್ಲಿಗೆ ಹೋಗಿದ್ದೆ. ಕಣ್ಣು ಮುಚ್ಚಿಕೊಂಡು, ಒಂದೊಂದೇ ಎಳೆಯನ್ನು ಕಿವಿಯ ಬಳಿ ಹಿಡಿದು ಬೆರಳಿನಿಂದ ಮೀಟುತ್ತಿದ್ದಳು.

"ಏನಕ್ಕಾ ಮಾಡ್ತಿದೀಯಾ?"

"ಶ್, ಇರು," ಎಂದಳು. "ಒದ್ದೆ ಎಳೆ ಸದ್ದೇ ಬೇರೆ, ಒಣಗಿದ್ದರದೇ ಬೇರೆ."