ಖಾಲಿ ಕೊಡಬಾರದ ಬಟ್ಟಲು

ಮಣ್ಣಿನ ಬಟ್ಟಲೊಂದನ್ನು ಹಳೆಯ ದುಪಟ್ಟಾದಲ್ಲಿ ಸುತ್ತಿ, ಎಳೆಗೂಸಿನ ಹಾಗೆ ಎದೆಗವಚಿಕೊಂಡು ಸುಚೇತಾ ವ್ಯಾನ್ ಹತ್ತಿದಳು. ಶನಿವಾರದ ಬೆಳಗ್ಗೆ ಡ್ಯಾಲಸ್ ಬಳಿಯ ಲಾಸ್ ಕೊಲಿನಾಸ್‌ನ ಪಾರ್ಕಿಂಗ್ ಲಾಟ್ ಬಿಕೋ ಎನ್ನುತ್ತಿತ್ತು. ಮೆಕ್ಸಿಕೋದ ಹಳೆಯ ಕೈಕಸುಬುಗಳನ್ನು ತೋರಿಸಿ, ಚೀಸ್ ಮಾಡುವುದನ್ನು ಕಲಿಸಿ, ಮಧ್ಯಾಹ್ನದ ಊಟದ ಹೊತ್ತಿಗೆ ವಾಪಸ್ ತಂದುಬಿಡುವ ಅರ್ಧ ದಿನದ ಪ್ರವಾಸ ಅದು.

"ಪಾತ್ರೆ ಎಲ್ಲ ಅಲ್ಲೇ ಕೊಡ್ತಾರೆ," ಎಂದಳು ಗೈಡ್ ಮಾರಿಸೆಲಾ, ದುಪಟ್ಟಾದ ಗಂಟು ನೋಡಿ.

"ಗೊತ್ತು," ಎಂದಳು ಸುಚೇತಾ. ಕೊನೆಯ ಸೀಟಿಗೆ ಹೋಗಿ ಕುಳಿತಳು.

ಬಟ್ಟಲು ಅವಳದಲ್ಲ. ಆಸ್ಟಿನ್‌ನ ದ ಡೊಮೇನ್ ಬಡಾವಣೆಯಲ್ಲಿದ್ದ ಕೆಲಸದ ಕಾಂಟ್ರಾಕ್ಟ್ ಮುಗಿದು ಇಲ್ಲೇ ಹತ್ತಿರದ ಲೂಯಿಸ್‌ವಿಲ್‌ನ ಅಪಾರ್ಟ್‌ಮೆಂಟಿಗೆ ಶಿಫ್ಟ್ ಆದ ವಾರವೇ ಅವಳಿಗೆ ಜ್ವರ ಬಂದಿತ್ತು. ಬಿಚ್ಚದ ಪೆಟ್ಟಿಗೆಗಳ ನಡುವೆ ಮಲಗಿದ್ದಾಗ ಯಾರೋ ಬಾಗಿಲು ತಟ್ಟಿದರು. ಎದುರು ಮನೆಯ ಒಫೆಲಿಯಾ, ಅರವತ್ತು ದಾಟಿದ ಮೆಕ್ಸಿಕನ್ ಹೆಂಗಸು. "ನಿನ್ನ ಕೆಮ್ಮು ನಮ್ಮನೆಗೂ ಕೇಳ್ತಿದೆ," ಎಂದು ಈ ಬಟ್ಟಲನ್ನು ಕೈಗಿಟ್ಟು ಹೋದಳು. ಒಳಗೆ ಬಿಸಿಬಿಸಿಯಾಗಿ ಹಾಲಿನಲ್ಲಿ ಬೆಂದ ಅನ್ನ. ಥೇಟ್ ಅನ್ನದ ಪಾಯಸ, ಏಲಕ್ಕಿಯ ಬದಲು ಚಕ್ಕೆ. ಸುಚೇತಾ ಬಟ್ಟಲು ಬಳಿದು ತಿಂದಿದ್ದಳು. ಡೆಲಿವರಿಯವರನ್ನು ಬಿಟ್ಟರೆ ಆ ಬಾಗಿಲು ತಟ್ಟಿದವರು ಆಕೆಯೊಬ್ಬಳೇ. ಆಮೇಲೂ ಯಾರೂ ತಟ್ಟಲಿಲ್ಲ.

ಕೊಟ್ಟವರ ಪಾತ್ರೆಯನ್ನು ಖಾಲಿ ಕೊಡಬಾರದು. ಮೈಸೂರಿನ ಮನೆಯಲ್ಲಿ ಅಮ್ಮ ಸಾವಿರ ಸಲ ಹೇಳಿದ ಮಾತು. ಹಾಗಾಗಿ ಸುಚೇತಾ ಮೊದಲ ಭಾನುವಾರ ಕೇಸರಿಬಾತ್ ಮಾಡಿದಳು, ತಳ ಹಿಡಿಯಿತು. ಮುಂದಿನ ವಾರದ ಕೊಬ್ಬರಿ ಮಿಠಾಯಿ ಗಟ್ಟಿಯಾಗಲಿಲ್ಲ. ಆಮೇಲೆ, ಆಕೆಗೆ ಸಕ್ಕರೆ ಕಾಯಿಲೆ ಇದ್ದರೆ ಎಂಬ ಚಿಂತೆ ಹತ್ತಿತು. ಖಾರದ್ದು ಕೊಡೋಣವೆಂದರೆ, ಎಷ್ಟು ಖಾರ? ಇಷ್ಟರಲ್ಲಿ ತಡವಾಗಿಹೋಗಿತ್ತು. ತಡಕ್ಕೆ ತಕ್ಕ ತಿಂಡಿ ಬೇಕಲ್ಲ. ಅದನ್ನು ಯೋಚಿಸುವಷ್ಟರಲ್ಲಿ ಇನ್ನಷ್ಟು ತಡ. ಲಿಫ್ಟಿನಲ್ಲಿ ಒಫೆಲಿಯಾ ಸಿಕ್ಕಿಬಿಟ್ಟಾಳೆಂದು ಮೆಟ್ಟಿಲು ಹತ್ತತೊಡಗಿದಳು. ಕಸ ಹಾಕಲು ಹೋಗುವಾಗಲೂ ಬಾಗಿಲ ಕಿಂಡಿಯಲ್ಲಿ ಇಣುಕಿ ನೋಡಿಯೇ ಹೊರಡುವುದು. 'ಬಟ್ಟಲು ನುಂಗಿದವಳು' ಎಂದು ಆಕೆ ಇಡೀ ಬಿಲ್ಡಿಂಗಿಗೆ ಹೇಳಿರಬೇಕು ಎಂದೇ ಅವಳಿಗೆ ಖಾತ್ರಿಯಾಗಿತ್ತು. ಹೀಗೇ ಅರ್ಧ ವರ್ಷ ಕಳೆಯಿತು.

ಈ ಪ್ರವಾಸದ ಜಾಹೀರಾತು ಕಂಡಾಗ ದೇವರೇ ದಾರಿ ತೋರಿಸಿದಂತಾಯಿತು. ಅವರದೇ ಊರಿನ ಚೀಸು, ತನ್ನ ಕೈಯಲ್ಲಿ ಮಾಡಿದ್ದು. ಅದನ್ನು ತುಂಬಿ ಬಟ್ಟಲು ಕೊಟ್ಟರೆ, ತಟ್ಟಿದ ಆ ಒಂದು ಕೈ ಮತ್ತೆ ತನ್ನ ಬಾಗಿಲು ತಟ್ಟೀತು.

ಮೊದಲು ಓಕ್ ಕ್ಲಿಫ್‌ನ ಒಂದು ಶೆಡ್ಡಿನಲ್ಲಿ ಇಳಿದರು. ತೆಳು ಬಣ್ಣದ ಕಾಗದದ ಕಟ್ಟನ್ನು ಸಣ್ಣ ಉಳಿ ಸುತ್ತಿಗೆಯಿಂದ ಕೊರೆದು ತೋರಣ ಮಾಡುವ ಕೆಲಸ. ಎಲ್ಲರೂ ಜೋಡಿಯಾಗಿ ನಿಂತರು, ಒಬ್ಬರು ಕಾಗದ ಹಿಡಿಯಲು, ಒಬ್ಬರು ಕೊರೆಯಲು. ಸುಚೇತಾ ಮೊಣಕೈಯಿಂದ ಕಾಗದ ಒತ್ತಿ ಹಿಡಿದು ಸುತ್ತಿಗೆ ಎತ್ತಿದಳು. ಚಿತ್ತಾರದ ಹಕ್ಕಿಯ ರೆಕ್ಕೆ ಹರಿಯಿತು.

"ಅಯ್ಯಯ್ಯೋ, ಹಾಳಾಯ್ತು!"

"ಅಯ್ಯ, ಕನ್ನಡದೋರೇನ್ರೀ?" ಹಿಂದಿನಿಂದ ದನಿ ಬಂತು. ಸೀರೆಯ ಮೇಲೆ ಸ್ವೆಟರ್ ಹಾಕಿದ್ದ ಹಿರಿಯ ಹೆಂಗಸು ಹತ್ತಿರ ಬಂದರು. "ನಾ ಸೀತಾಬಾಯಿ, ಧಾರವಾಡದಾಕಿ. ಇಲ್ಲೇ ಅರ್ವಿಂಗ್‌ನ್ಯಾಗ ಮಗಳ ಮನ್ಯಾಗ ಇರ್ತೀನಿ. ಈಕಿ ಮೊಮ್ಮಗಳು ಸಿಯಾ. ಕನ್ನಡ ಎಲ್ಲಾ ತಿಳೀತದ, ಬಾಯಿ ಮಾತ್ರ ಇಂಗ್ಲಿಷು."

"ಅಜ್ಜಿ, ಸ್ಟಾಪ್ ಇಟ್," ಎಂದಳು ಹುಡುಗಿ.

"ನೋಡ್ರಿ, ಹೇಳಿದ ಕೂಡ್ಲೇ ತೋರಿಸಿದ್ಲು."

ಸುಚೇತಾಳಿಗೆ ನಗು ಬಂತು. ಬಹಳ ದಿನದ ಮೇಲೆ ಬಂದ ನಗು, ಕೆಮ್ಮಿನ ಹಾಗೆ ಕೇಳಿಸಿತು.

ಅಲ್ಲಿಂದ ಡ್ಯಾಲಸ್‌ನ ದಕ್ಷಿಣಕ್ಕೆ, ಹಸುಗಳಿದ್ದ ಒಂದು ತೋಟಕ್ಕೆ ವ್ಯಾನ್ ಹೋಯಿತು. ದೊಡ್ಡ ಪಾತ್ರೆಯಲ್ಲಿ ಹಾಲು ಉಗುರುಬೆಚ್ಚಗೆ ಕಾಯುತ್ತಿತ್ತು.

"ಆ ಹೆಪ್ಪು ಯಾತರದು ಕೇಳ್ರಿ ಮೊದಲ," ಎಂದು ಸೀತಾಬಾಯಿ ಸುಚೇತಾಳ ಪಕ್ಕೆ ತಿವಿದರು. ಕೆಲವು ಚೀಸಿಗೆ ಹಾಕುವ ಹಾಗೆ ಕರುವಿನ ಹೊಟ್ಟೆಯಿಂದ ತೆಗೆದದ್ದಲ್ಲ ಎಂದು ಖಾತ್ರಿಯಾದ ಮೇಲೂ ಅವರಿಗೆ ಸಮಾಧಾನವಿಲ್ಲ. "ಆದ್ರೂ ಶನಿವಾರ ದಿನ, ಕೈಯಾರ ಹಾಲು ಒಡಸೂದಂದ್ರ..." ಎಂದು ಕೆನ್ನೆ ಬಡಿದುಕೊಂಡು, ಎಲ್ಲರಿಗಿಂತ ಮೊದಲು ಸೌಟು ಹಿಡಿದರು.

ಹಾಲು ಹೆಪ್ಪುಗಟ್ಟಿತು. ಅದನ್ನು ಚೌಕ ಚೌಕವಾಗಿ ಕತ್ತರಿಸಿ, ತೆಳು ಬಟ್ಟೆಗೆ ಸುರಿದು, ಕಟ್ಟಿ ತೂಗುಹಾಕಿದರು. ನೀರು ತೊಟ್ಟಿಕ್ಕುವವರೆಗೆ ಕಾಯುವುದೇ ಕೆಲಸ. ಸುಚೇತಾ ದುಪಟ್ಟಾ ಬಿಚ್ಚಿ ಬಟ್ಟಲು ಹೊರತೆಗೆದಳು. ಕಂದು ಬಣ್ಣದ ಅಂಚು, ಒಳಗೆ ಬಿಳಿ ಹೂಗಳು.

"ಛಂದ ಅದ. ಇಲ್ಲೇ ತಗೊಂಡ್ರೇನು?"

ಕೇಳುವವರು ಸಿಕ್ಕಿದ್ದೇ ತಡ, ಸುಚೇತಾ ಎಲ್ಲವನ್ನೂ ಹೇಳಿಬಿಟ್ಟಳು. ಜ್ವರ, ಪಾಯಸ, ತಳ ಹಿಡಿದ ಕೇಸರಿಬಾತು, ಮೆಟ್ಟಿಲು. ಸೀತಾಬಾಯಿ ಬಾಯಿ ತೆರೆದುಕೊಂಡು ಕೇಳಿದರು.

"ಖಾಲಿ ಕೊಡಬಾರದು ಖರೆ ಅದ. ಕೊಡಲಾರದ ಇಟ್ಕೋ ಅಂತ ಯಾರು ಹೇಳ್ಯಾರವಾ ನಿನಗ?" ಬಹುವಚನ ಬಿಟ್ಟುಹೋಗಿತ್ತು. "ಒಂದು ಚಿಟಿಕಿ ಸಕ್ಕರಿ ಹಾಕಿ ಕೊಟ್ರ ಸಾಕಿತ್ತು. ನಮ್ಮ ಓಣ್ಯಾಗ ಡಬ್ಬಿ ಹಿಂಗ ಹೋಗಿ ಹಂಗ ಬರ್ತಿರ್ತಾವು. ಡಬ್ಬಿ ನಿಂತ್ರ ಮಾತೂ ನಿಂತಂಗ."

ಒಂದು ಚಿಟಿಕೆ ಸಕ್ಕರೆ. ಅಡುಗೆಮನೆಯ ಶೆಲ್ಫಿನಲ್ಲಿ ಈ ಬಟ್ಟಲಿನ ಪಕ್ಕದಲ್ಲೇ ಇಷ್ಟು ದಿನವೂ ಸಕ್ಕರೆ ಡಬ್ಬಿ ಇತ್ತು. ಅಮ್ಮ ಹಾಗೆ ಮಾಡುತ್ತಿದ್ದುದು ತನಗೇಕೆ ನೆನಪಾಗಲಿಲ್ಲ? ಸುಚೇತಾ ಬಟ್ಟೆಯಿಂದ ತೊಟ್ಟಿಕ್ಕುವ ನೀರನ್ನೇ ನೋಡಿದಳು. ಆಮೇಲೆ ಉಪ್ಪು ಬೆರೆಸಿ, ಅಂಗೈಯಿಂದ ಒತ್ತಿ ಒತ್ತಿ ಬಟ್ಟಲಿಗೆ ಚೀಸ್ ತುಂಬಿದಳು. ಅಂಚಿನ ಚೂರುಗಳನ್ನು ಬೆರಳಿನಿಂದ ಒರೆಸಿದಳು, ಎರಡೆರಡು ಸಲ.

ಲಾಸ್ ಕೊಲಿನಾಸ್‌ನಲ್ಲಿ ಇಳಿದಾಗ ಸೀತಾಬಾಯಿಯವರ ಮಗಳ ಕಾರು ಕಾಯುತ್ತಿತ್ತು. "ಮನಿಗೆ ಬರ್ರಿ ಒಮ್ಮೆ," ಎಂದರು ಅವರು, ಬಾಗಿಲು ಹಾಕಿಕೊಳ್ಳುತ್ತಾ. ಅರ್ವಿಂಗ್‌ನಲ್ಲಿ ಎಲ್ಲಿ ಎಂದು ಕೇಳುವಷ್ಟರಲ್ಲಿ ಕಾರು ಹೊರಟಿತ್ತು.

ಲೂಯಿಸ್‌ವಿಲ್‌ಗೆ ಮರಳಿ, ಒಫೆಲಿಯಾಳ ಬಾಗಿಲ ಮುಂದೆ ನಿಂತು ಸುಚೇತಾ ಕ್ಷಮೆ ಕೇಳುವ ಮಾತುಗಳನ್ನು ಮತ್ತೊಮ್ಮೆ ಜೋಡಿಸಿಕೊಂಡು ತಟ್ಟಿದಳು. ಒಳಗೆ ಟಿವಿ, ಮಕ್ಕಳ ಗದ್ದಲ. ಒಫೆಲಿಯಾ ಬಾಗಿಲು ತೆರೆದು, ಯಾರೆಂದು ತಿಳಿಯದೆ ನೋಡಿದಳು.

"ನಾನು ಎದುರು ಮನೆ. ನಿಮ್ಮ ಬಟ್ಟಲು..."

"ಅಯ್ಯೋ, ಇದು ನಿನ್ನ ಹತ್ರ ಇತ್ತಾ! ಮೊಮ್ಮಕ್ಕಳು ಒಡೆದು ಬಿಸಾಕಿದಾರೆ ಅಂದ್ಕೊಂಡಿದ್ದೆ."

"ನಂಗೆ ಜ್ವರ ಬಂದಾಗ ನೀವು ಪಾಯಸ ತಂದುಕೊಟ್ರಿ."

"ಹೌದಾ? ಇರಬಹುದು. ಹೊಸದಾಗಿ ಬಂದವರಿಗೆಲ್ಲ ಕೊಡ್ತಿರ್ತೀನಿ." ಚೀಸಿನ ಚೂರೊಂದನ್ನು ಬಾಯಿಗೆ ಹಾಕಿಕೊಂಡು ತಲೆದೂಗಿದಳು. "ಚೆನ್ನಾಗಿದೆ. ಉಪ್ಪು ಸ್ವಲ್ಪ ಕಮ್ಮಿ." ಒಳಗಿನಿಂದ ಯಾರೋ ಕೂಗಿದರು. "ಥ್ಯಾಂಕ್ಸ್ ಮಗಳೇ," ಎಂದು ಬಾಗಿಲು ಹಾಕಿಕೊಂಡಳು.

ಜೋಡಿಸಿಟ್ಟ ಮಾತುಗಳೆಲ್ಲ ಸುಚೇತಾಳ ಬಾಯಲ್ಲೇ ಉಳಿದವು. ಎದೆಯ ಮೇಲಿನ ಕಲ್ಲು ಇಳಿಯಬೇಕಿತ್ತು. ಇಳಿಯಿತು ಕೂಡ, ಆದರೆ ಅದು ಇದ್ದ ಕಡೆ ಈಗ ಏನೂ ಇರಲಿಲ್ಲ. ಇಷ್ಟು ದಿನ ಆಕೆ ತನ್ನನ್ನು ಬಯ್ಯುತ್ತಿದ್ದಾಳೆ ಎಂದುಕೊಂಡಿದ್ದಳು. ಬಯ್ಯುವಷ್ಟು ಕೂಡ ತಾನು ಯಾರ ನೆನಪಿನಲ್ಲೂ ಇರಲಿಲ್ಲ. ಈಗ ಆ ಬಾಗಿಲಿಗೂ ತನ್ನ ಬಾಗಿಲಿಗೂ ನಡುವೆ ಕಾರ್ಪೆಟ್ ಬಿಟ್ಟರೆ ಮತ್ತೇನಿಲ್ಲ.

ಮಾರನೆಯ ದಿನ ಅವಳು ಶಾವಿಗೆ ಪಾಯಸ ಮಾಡಿದಳು. ಸಿಹಿ ಹೆಚ್ಚಾಯಿತೇನೋ ಎನಿಸಿತು. ಹೆಚ್ಚಾದರೆ ಆಗಲಿ ಎಂದುಕೊಂಡಳು. ಶೆಲ್ಫಿನಿಂದ ಸ್ಟೀಲ್ ಡಬ್ಬಿ ಇಳಿಸಿ ತುಂಬಿದಳು. ಅದರ ಮೇಲೆ ಅಮ್ಮನ ಹೆಸರನ್ನು ಅಂಗಡಿಯವನು ಚುಕ್ಕಿ ಚುಕ್ಕಿಯಾಗಿ ಕೊರೆದಿದ್ದ: ಭಾನುಮತಿ. ಅಮ್ಮ ಹೋದ ಮೇಲೆ ಮೈಸೂರಿನಿಂದ ತಂದದ್ದು ಅದೊಂದೇ.

"ಮತ್ತೆ ಬಂದ್ಯಾ!" ಒಫೆಲಿಯಾ ನಕ್ಕಳು. "ತಾಳು, ಈಗಲೇ ಬೇರೆ ಪಾತ್ರೆಗೆ ಹಾಕ್ಕೊಂಡು ಡಬ್ಬಿ ತೊಳೆದುಕೊಟ್ಬಿಡ್ತೀನಿ. ಇಲ್ಲಾಂದ್ರೆ ಮರೆತೇಬಿಡ್ತೀನಿ."

"ಬೇಡ!" ದನಿ ಸುಚೇತಾಳಿಗೇ ಜೋರೆನಿಸಿತು. "ಅವಸರ ಇಲ್ಲ. ನಿಮ್ಮ ಹತ್ರಾನೇ ಇರಲಿ. ಯಾವಾಗಾದ್ರೂ ತಂದುಕೊಡಿ. ನಾನು ಮನೇಲೇ ಇರ್ತೀನಿ."

ಒಫೆಲಿಯಾ ಮೊದಲ ಬಾರಿಗೆ ಅವಳ ಮುಖವನ್ನು ಸರಿಯಾಗಿ ನೋಡಿದಳು. ಡಬ್ಬಿಯ ಚುಕ್ಕಿಗಳ ಮೇಲೆ ಬೆರಳಾಡಿಸಿದಳು. "ಇದು ನಿನ್ನ ಹೆಸರಾ?"

"ಅಲ್ಲ, ನಮ್ಮಮ್ಮನದು. ನಾನು ಸುಚೇತಾ."

"ಸು-ಚೇ-ತಾ," ಎಂದು ಹೇಳಿನೋಡಿ, ಒಫೆಲಿಯಾ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಒಳಗೆ ಹೋದಳು.

ಸುಚೇತಾ ಮನೆಗೆ ಬಂದಳು. ಶೆಲ್ಫಿನಲ್ಲಿ ಈಗ ಎರಡು ಜಾಗ ಖಾಲಿ, ಬಟ್ಟಲಿನದೊಂದು, ಅಮ್ಮನ ಡಬ್ಬಿಯದೊಂದು. ಸಕ್ಕರೆ ಡಬ್ಬಿಯನ್ನು ಬಟ್ಟಲಿದ್ದ ಜಾಗಕ್ಕೆ ಸರಿಸಿ, ಅಮ್ಮನ ಡಬ್ಬಿಯ ಜಾಗವನ್ನು ಹಾಗೇ ಬಿಟ್ಟಳು.